ಸತ್ತ ಕರ್ನೆಲ್‌ನ ಮಹಜರು ಮತ್ತು ಅವಸರದ ಕಾವಲುಗಾರ

ತುಲಾ ತಿಂಗಳ ಗುಡುಗು ಮಳೆಯ ಮೇಲೆ ಎಲ್ಲ ಯಂತ್ರಗಳ ಅಪಮೃತ್ಯುವನ್ನೂ ಹೊರಿಸಿಬಿಡುವುದು ನಮ್ಮ ಕಾಸರಗೋಡಿನ ಕಡೆಯ ರೂಢಿ. ಸಹಕಾರಿ ಸಂಘದ ಸರ್ವರ್ ರಾತ್ರಿ ಹೊತ್ತು ತಾನಾಗಿ ರೀಸ್ಟಾರ್ಟ್ ಆಗಿದ್ದರೆ, ಬೆಳಿಗ್ಗೆ ಬಾಗಿಲು ತೆರೆದವರು ‘ಸಿಡಿಲು ಬಂದಿರಬೇಕು’ ಎನ್ನುತ್ತಾರೆ. ಮೋಡದ ಸುಳಿವೇ ಇಲ್ಲದ ಮಕರ ಮಾಸದಲ್ಲಿ ಅದೇ ಘಟನೆ ನಡೆದರೆ, ಯುಪಿಎಸ್ ಸರಿಯಾಗಿಯೇ ಇದ್ದರೂ, ‘ಕರೆಂಟು ಹೋಗಿ ಬಂದಿರಬೇಕು’ ಎಂಬ ಕಾರಣ ಸಿದ್ಧವಾಗಿರುತ್ತದೆ. ಯಂತ್ರ ಮತ್ತೆ ನಡೆಯುತ್ತಿದೆಯಲ್ಲ, ಇನ್ನೇಕೆ ಕೆದಕುವುದು ಎಂಬ ಸಮಾಧಾನ ಇದರ ಹಿಂದಿದೆ, ಮತ್ತು ನನ್ನ ತಕರಾರು ಇರುವುದು ಈ ಸಮಾಧಾನದ ಮೇಲೆಯೇ. ತಾನಾಗಿ ರೀಸ್ಟಾರ್ಟ್ ಆಯಿತೆಂದು ನಾವು ಹೇಳುವ ಸರ್ವರನ್ನು ಎಷ್ಟೋ ಸಲ ರೀಸ್ಟಾರ್ಟ್ ಮಾಡಿರುವುದು ಅದರ ಮದರ್‌ಬೋರ್ಡಿನಲ್ಲೇ ಕುಳಿತಿರುವ ವಾಚ್‌ಡಾಗ್ ಟೈಮರ್. ಹಾಗೆ ಮಾಡುವ ಭರದಲ್ಲಿ ಅದು ದೋಷದ ಸಾಕ್ಷ್ಯವನ್ನೂ ಅಳಿಸಿರುವ ಸಾಧ್ಯತೆ ಇದೆ.

ಕೇರಳದ ಶಾಲೆಗಳ ಕಂಪ್ಯೂಟರುಗಳು ‘ಕೈಟ್’ ಸಂಸ್ಥೆ ಒದಗಿಸುವ ಗ್ನೂ/ಲಿನಕ್ಸ್‌ನಲ್ಲಿ ನಡೆಯುವುದರಿಂದ ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಲಿನಕ್ಸ್ ಹೊಸ ಹೆಸರಲ್ಲ. ಆದ್ದರಿಂದ ಕರ್ನೆಲ್ ಎಂದರೆ ಯಂತ್ರವನ್ನೂ ಅದರ ಮೇಲಿನ ಪ್ರೋಗ್ರಾಂಗಳನ್ನೂ ನಿಭಾಯಿಸುವ ತಿರುಳಿನ ತಂತ್ರಾಂಶ ಎಂದಷ್ಟೇ ಹೇಳಿ ನೇರವಾಗಿ ಟೈಮರ್‌ನ ವಿಷಯಕ್ಕೆ ಬರುತ್ತೇನೆ. ಅದು ಸೊನ್ನೆಯ ಕಡೆಗೆ ಇಳಿಯುತ್ತಾ ಎಣಿಸುತ್ತದೆ. ತಂತ್ರಾಂಶವು ಗೊತ್ತಾದ ಅವಧಿಯೊಳಗೆ ಅದನ್ನು ಮುಟ್ಟಿ ಎಣಿಕೆಯನ್ನು ಮೊದಲ ಸಂಖ್ಯೆಗೆ ತರುತ್ತಿರಬೇಕು. ಹಾಗೆ ಮುಟ್ಟುವವರಿಲ್ಲದೆ ಎಣಿಕೆ ಮುಗಿದರೆ ಯಂತ್ರ ರೀಸೆಟ್ ಆಗುತ್ತದೆ. ಅಪೊಲೊ ನೌಕೆಗಳ ಕಂಪ್ಯೂಟರಿನಲ್ಲಿಯೂ ‘ನೈಟ್ ವಾಚ್‌ಮನ್’ ಎಂಬ ಇಂಥದೇ ಏರ್ಪಾಡು ಇತ್ತು: ತಂತ್ರಾಂಶವು ಒಂದು ನಿರ್ದಿಷ್ಟ ಮೆಮೊರಿ ವಿಳಾಸವನ್ನು ಆಗಾಗ ಸಂಪರ್ಕಿಸದೆ ಹೋದರೆ ಅದು ಕಂಪ್ಯೂಟರನ್ನು ಮರುಪ್ರಾರಂಭಕ್ಕೆ ದೂಡುತ್ತಿತ್ತು. ಲಿನಕ್ಸ್‌ನೊಳಗಿನ ಸಾಫ್ಟ್ ಲಾಕಪ್ ಮತ್ತು ಹಾರ್ಡ್ ಲಾಕಪ್ ಪತ್ತೆ ವ್ಯವಸ್ಥೆಗಳನ್ನೂ (ಪ್ರೊಸೆಸರ್ ಒಂದೇ ಕಡೆ ಸಿಕ್ಕಿಕೊಂಡದ್ದನ್ನು ಕಂಡುಹಿಡಿಯುವಂಥವು) ‘ವಾಚ್‌ಡಾಗ್’ ಎಂದೇ ಕರೆಯುವುದರಿಂದ ಗೊಂದಲವಾಗುವುದುಂಟು. ಅವು ಸಾಮಾನ್ಯವಾಗಿ 20 ಮತ್ತು 10 ಸೆಕೆಂಡುಗಳ ಮಿತಿಯಲ್ಲಿ ಕರ್ನೆಲ್‌ನ ಒಳಗಿನಿಂದಲೇ ಕರ್ನೆಲ್ಲನ್ನು ಗಮನಿಸುತ್ತವೆ, ಕರ್ನೆಲ್ ಸತ್ತರೆ ಅವೂ ಸಾಯುತ್ತವೆ. ಹಾರ್ಡ್‌ವೇರ್ ವಾಚ್‌ಡಾಗ್ ಹಾಗಲ್ಲ. ಪ್ರೊಸೆಸರಿನಲ್ಲಿ ಏನೇ ನಡೆದರೂ ಅದರ ಎಣಿಕೆ ನಿಲ್ಲುವುದಿಲ್ಲ.

ಕರ್ನೆಲ್ ತನ್ನ ಲೆಕ್ಕಾಚಾರದೊಳಗೆ ಸರಿಪಡಿಸಲಾಗದ ವಿರೋಧವೊಂದನ್ನು ಕಂಡಾಗ ‘ಪ್ಯಾನಿಕ್’ ಎಂದು ಘೋಷಿಸಿ ನಿಲ್ಲುತ್ತದೆ. ಆ ಕ್ಷಣದಲ್ಲಿ ಮೆಮೊರಿಯಲ್ಲಿ ಇದ್ದದ್ದನ್ನೆಲ್ಲ ಡಿಸ್ಕಿಗೆ ಬರೆದಿಡುವುದೇ ಕ್ರ್ಯಾಶ್ ಡಂಪ್. ಹಳೆಯ ಯುನಿಕ್ಸ್‌ಗಳಲ್ಲಿ ಸಾಯುತ್ತಿರುವ ಕರ್ನೆಲ್ಲೇ ಈ ಕೆಲಸವನ್ನು ಮಾಡುತ್ತಿತ್ತು. ಅದೇ ಬಳಗದ ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆ ಈಗಲೂ ಹಾಗೆಯೇ ಮಾಡುತ್ತದೆ. ಆದರೆ ಯಾವ ಕರ್ನೆಲ್‌ನ ಮೇಲೆ ನಂಬಿಕೆ ಹೋಗಿದೆಯೋ ಅದರ ಡಿಸ್ಕ್ ಡ್ರೈವರ್ (ಡಿಸ್ಕನ್ನು ನಡೆಸುವ ತಂತ್ರಾಂಶ) ಮಾತ್ರ ಸರಿಯಾಗಿದೆ ಎಂದು ನಂಬುವುದು ಹೇಗೆ? ಈ ಪ್ರಶ್ನೆಗೆ ಲಿನಕ್ಸ್ ಕಂಡುಕೊಂಡ ಉತ್ತರ ಕೆಡಂಪ್. ಎರಿಕ್ ಬೀಡರ್‌ಮನ್ ರೂಪಿಸಿದ ಕೆಕ್ಸೆಕ್ ಎಂಬ ತಂತ್ರದ ಮೇಲೆ ನಿಂತಿರುವ ಈ ವ್ಯವಸ್ಥೆ 2005ರಲ್ಲಿ ಬಂದ 2.6.13ನೆಯ ಆವೃತ್ತಿಯೊಂದಿಗೆ ಕರ್ನೆಲ್ಲಿಗೆ ಸೇರಿತು. ಅದೇ ವರ್ಷ ಒಟ್ಟಾವಾದ ಲಿನಕ್ಸ್ ಸಮ್ಮೇಳನದಲ್ಲಿ ವಿವೇಕ್ ಗೋಯಲ್, ಬೀಡರ್‌ಮನ್ ಮತ್ತು ಹರಿಪ್ರಸಾದ್ ನೆಲ್ಲಿತೀರ್ಥ ಅದರ ವಿವರವನ್ನು ಪ್ರಬಂಧವಾಗಿ ಮಂಡಿಸಿದರು. ಬೂಟ್ ಆಗುವಾಗಲೇ ಮೆಮೊರಿಯ ಒಂದು ತುಂಡನ್ನು ಬೇರೆಯಾಗಿ ಕಾದಿರಿಸಿ, ಅದರಲ್ಲಿ ಎರಡನೆಯ ಪುಟ್ಟ ಕರ್ನೆಲ್ಲೊಂದನ್ನು ತುಂಬಿಡಲಾಗುತ್ತದೆ. ಮೊದಲ ಕರ್ನೆಲ್ ಬಿದ್ದೊಡನೆ ನಿಯಂತ್ರಣವು ಎರಡನೆಯದಕ್ಕೆ ಜಿಗಿಯುತ್ತದೆ, ಮತ್ತು ಅದು ತನ್ನ ಹಿಂದಿನದರ ಮೆಮೊರಿಯನ್ನು ಒಂದು ಕಡತದಂತೆ ಓದಿ ಉಳಿಸುತ್ತದೆ.

ಈ ಜಿಗಿತದ ವಿಶೇಷವೆಂದರೆ ನಡುವೆ ಬಯಾಸ್ (ಯಂತ್ರ ಆನ್ ಆದೊಡನೆ ಬಿಡಿಭಾಗಗಳನ್ನು ಸಿದ್ಧಪಡಿಸುವ ತಂತ್ರಾಂಶ) ಇಲ್ಲ, ಪವರ್ ಆಫ್ ಇಲ್ಲ; ಹಾಗಾಗಿಯೇ ಮೆಮೊರಿ ಕೆಡದೆ ಉಳಿಯುತ್ತದೆ. ಆದರೆ ಅದೇ ಕಾರಣದಿಂದ ಯಂತ್ರದ ಬಿಡಿಭಾಗಗಳು ಮೊದಲಿನ ಸ್ಥಿತಿಗೆ ಮರಳುವುದೂ ಇಲ್ಲ. ವಾಚ್‌ಡಾಗ್‌ನ ಎಣಿಕೆಯನ್ನು ಮೊದಲ ಕರ್ನೆಲ್ ಚಾಲೂ ಮಾಡಿತ್ತು, ಈಗ ಅದನ್ನು ಮುಟ್ಟುತ್ತಿದ್ದ ಕೈ ಇಲ್ಲ, ಎಣಿಕೆ ಮಾತ್ರ ಮುಂದುವರಿಯುತ್ತಿದೆ. ಹೆದ್ದಾರಿಯಲ್ಲಿ ಅಪಘಾತವಾದ ಜಾಗಕ್ಕೆ ಪೊಲೀಸರು ಬಂದು ಮಹಜರು ಬರೆಯುತ್ತಿರುವಾಗಲೇ, ರಸ್ತೆ ತೆರವು ಮಾಡಲು ನೇಮಿಸಿದವನು ತನ್ನ ಗಡುವು ಮುಗಿಯಿತೆಂದು ಒಡೆದ ಗಾಜು, ಚಕ್ರದ ಗುರುತು ಎಲ್ಲವನ್ನೂ ಗುಡಿಸಿ ಹಾಕಿದಂತೆ ಇದು. ಅವನ ಕೆಲಸದಲ್ಲಿ ತಪ್ಪು ಹುಡುಕುವಂತಿಲ್ಲ, ಮಹಜರು ನಡೆಯುತ್ತಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಲೆಕ್ಕ ಹಾಕಿದರೆ ಸಮಸ್ಯೆಯ ಗಾತ್ರ ತಿಳಿಯುತ್ತದೆ. 64 ಗಿಗಾಬೈಟ್ ಮೆಮೊರಿಯನ್ನು ಸೆಕೆಂಡಿಗೆ 200 ಮೆಗಾಬೈಟ್‌ನಂತೆ ಬರೆದರೆ ಸುಮಾರು 328 ಸೆಕೆಂಡು, ಅಂದರೆ ಐದೂವರೆ ನಿಮಿಷ ಬೇಕು. ಇಂಟೆಲ್ ಚಿಪ್‌ಸೆಟ್‌ಗಳ ಟಿಸಿಒ ವಾಚ್‌ಡಾಗ್‌ಗೆ ಲಿನಕ್ಸ್ ಡ್ರೈವರ್ ಸಾಮಾನ್ಯವಾಗಿ ಕೊಡುವ ಅವಧಿ 30 ಸೆಕೆಂಡು. ಮೆಮೊರಿಯ ಖಾಲಿ ಪುಟಗಳು (ಪುಟವೆಂದರೆ ಮೆಮೊರಿಯ ಒಂದು ಸಣ್ಣ ತುಣುಕು), ಕ್ಯಾಶ್ ಪುಟಗಳು, ಬಳಕೆದಾರರ ಪ್ರೋಗ್ರಾಂಗಳ ಪುಟಗಳು ಇವನ್ನೆಲ್ಲ ಬಿಟ್ಟು, ಉಳಿದದ್ದನ್ನು ಕುಗ್ಗಿಸಿ ಬರೆಯುವ ಮೇಕ್‌ಡಂಪ್‌ಫೈಲ್ ಎಂಬ ಸಾಧನ ಇರುವುದರಿಂದ ಕಾಲ ಬಹಳ ಕಡಿಮೆಯಾಗುತ್ತದೆ, ನಿಜ. ಆದರೂ ಎರಡನೆಯ ಕರ್ನೆಲ್ ಬೂಟ್ ಆಗಿ, ಡಿಸ್ಕುಗಳನ್ನು ಹುಡುಕಿ, ಬರೆಯಲು ತೊಡಗುವುದಕ್ಕೇ ಎಷ್ಟೋ ಸೆಕೆಂಡುಗಳು ಖರ್ಚಾಗಿರುತ್ತವೆ. ಫೆಡೋರಾ ಮತ್ತು ರೆಡ್ ಹ್ಯಾಟ್ ವ್ಯವಸ್ಥೆಗಳಲ್ಲಿ ಕಡತದ ಹೆಸರಿನ ಕೊನೆಗೆ ‘ಇನ್‌ಕಂಪ್ಲೀಟ್’ ಎಂದು ಸೇರಿಸಿಯೇ ಬರೆಯಲು ಆರಂಭಿಸಿ, ಪೂರ್ತಿಯಾದ ಮೇಲೆ ಆ ಪದವನ್ನು ತೆಗೆಯುತ್ತಾರೆ. ಬೆಳಿಗ್ಗೆ ಆ ಬಾಲವುಳ್ಳ ಕಡತವೇ ಸಿಕ್ಕಿದರೆ ಸಂಶಯ ಪಡಬೇಕಾದವರ ಸಾಲಿನಲ್ಲಿ ಸಿಡಿಲಿಗಿಂತ ಮೊದಲು ವಾಚ್‌ಡಾಗ್ ಬರಬೇಕು.

ಹಾಗಾದರೆ ಪ್ಯಾನಿಕ್ ಆದೊಡನೆ ವಾಚ್‌ಡಾಗನ್ನು ನಿಲ್ಲಿಸಿಬಿಡಬಾರದೇ? ಹಲವರು ಕೊಡುವ ಸಲಹೆ ಇದು, ಮತ್ತು ನನಗೆ ಒಪ್ಪಿಗೆಯಾಗದ ಸಲಹೆಯೂ ಇದೇ. ‘ನೋವೇಔಟ್’ ಎಂಬ ಆಯ್ಕೆಯೊಂದಿಗೆ ಚಾಲೂ ಮಾಡಿದ ವಾಚ್‌ಡಾಗನ್ನು ತಂತ್ರಾಂಶದಿಂದ ನಿಲ್ಲಿಸಲು ಡ್ರೈವರ್ ಬಿಡುವುದಿಲ್ಲ ಎಂಬುದು ಹಾಗಿರಲಿ. ನಿಲ್ಲಿಸಲು ಬಂದರೂ, ಡಂಪ್ ಬರೆಯುವ ಕೆಲಸವೇ ನಡುವೆ ಸಿಕ್ಕಿಹಾಕಿಕೊಂಡರೆ ಆ ಯಂತ್ರವನ್ನು ಎಬ್ಬಿಸುವವರು ಯಾರೂ ಇರುವುದಿಲ್ಲ. ಕೆಟ್ಟುಹೋದ ಡಿಸ್ಕ್ ಕಂಟ್ರೋಲರಿನಿಂದಾಗಿಯೇ ಪ್ಯಾನಿಕ್ ಆಗಿದ್ದರೆ ಅದೇ ಕಂಟ್ರೋಲರಿನ ಮೂಲಕ ಬರೆಯಹೊರಟ ಎರಡನೆಯ ಕರ್ನೆಲ್ಲೂ ಅಲ್ಲೇ ಸಿಕ್ಕಿಕೊಳ್ಳಬಹುದು, ಶನಿವಾರ ರಾತ್ರಿ ನಿಂತ ಸರ್ವರ್ ಸೋಮವಾರದವರೆಗೆ ಹಾಗೆಯೇ ನಿಂತಿರಬಹುದು.

ಅವಧಿಯನ್ನು ಒಮ್ಮೆ ಹಿಗ್ಗಿಸುವುದು ನಡುವಿನ ದಾರಿ. ಸರ್ವರುಗಳನ್ನು ದೂರದಿಂದ ನಿಭಾಯಿಸಲು ಇರುವ ಐಪಿಎಂಐ ಎಂಬ ವ್ಯವಸ್ಥೆಯ ವಾಚ್‌ಡಾಗ್‌ನ ಲಿನಕ್ಸ್ ಡ್ರೈವರ್ ಪ್ಯಾನಿಕ್ ಆದಾಗ ಗಡುವನ್ನು 255 ಸೆಕೆಂಡಿಗೆ ಏರಿಸುತ್ತದೆ. ಎಚ್‌ಪಿ ಸರ್ವರುಗಳ ಡ್ರೈವರಿನಲ್ಲಿ ಇದಕ್ಕೆಂದೇ ‘ಕೆಡಂಪ್‌ಟೈಮ್ಔಟ್’ ಎಂಬ ಆಯ್ಕೆಯಿದೆ. ಅದಕ್ಕೆ ‑1 ಕೊಟ್ಟರೆ ವಾಚ್‌ಡಾಗ್ ಪೂರ್ತಿ ನಿಲ್ಲುತ್ತದೆ. ಆದರೆ ಮೇಲಿನ ಲೆಕ್ಕದ 328 ಸೆಕೆಂಡಿಗೆ 255 ಸಾಲದು, ನಾಳೆ ಮೆಮೊರಿಯನ್ನು ಇಮ್ಮಡಿ ಮಾಡಿದರೆ ಇಂದು ಸಾಕಾದ ಸಂಖ್ಯೆಯೂ ಸಾಲದಾಗುತ್ತದೆ.

ನನಗೆ ಬಹಳ ಮೆಚ್ಚಿಗೆಯಾದದ್ದು ಫ್ರೀಬಿಎಸ್‌ಡಿಯ ಕ್ರಮ. ಅಲ್ಲಿ ಡಂಪ್ ಬರೆಯುವ ಲೂಪಿನ ಒಳಗೇ ವಾಚ್‌ಡಾಗನ್ನು ಮುಟ್ಟುವ ಸಾಲೊಂದಿದೆ. ಮೆಮೊರಿಯ ಒಂದು ತುಣುಕು ಡಿಸ್ಕಿಗೆ ಹೋಗುತ್ತದೆ, ಎಣಿಕೆ ಮೊದಲಿಗೆ ಮರಳುತ್ತದೆ. ಮುಂದಿನ ತುಣುಕು ಹೋಗುತ್ತದೆ, ಮತ್ತೆ ಮರಳುತ್ತದೆ. ಇದರಲ್ಲಿ ಗಡುವು ಎಷ್ಟಿರಬೇಕೆಂಬ ಊಹೆಯೇ ಬೇಕಿಲ್ಲ, ಏಕೆಂದರೆ ಒಟ್ಟು ಡಂಪ್ ಅರ್ಧ ಗಂಟೆ ಹಿಡಿದರೂ ಒಂದು ತುಣುಕು ಹಿಡಿಯುವ ಕಾಲ ಅಲ್ಪವೇ. ಡಿಸ್ಕ್ ಸಿಕ್ಕಿಕೊಂಡರೆ ಲೂಪ್ ನಿಲ್ಲುತ್ತದೆ, ಮುಟ್ಟುವುದೂ ನಿಲ್ಲುತ್ತದೆ, ವಾಚ್‌ಡಾಗ್ ಯಂತ್ರವನ್ನು ರೀಸೆಟ್ ಮಾಡುತ್ತದೆ, ಆಗ ಹಾಗೆ ಮಾಡುವುದೇ ಸರಿ.

ಲಿನಕ್ಸ್‌ನಲ್ಲಿ ಈ ಸಂಬಂಧ ಅಷ್ಟು ಬಿಗಿಯಾಗಿಲ್ಲ. ಎರಡನೆಯ ಕರ್ನೆಲ್‌ನ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ (ಬೂಟ್ ಆಗುವಾಗ ಮೆಮೊರಿಗೆ ತುಂಬುವ ಪುಟ್ಟ ಕಡತಗಳ ಕಟ್ಟಿನಲ್ಲಿ) ವಾಚ್‌ಡಾಗ್ ಡ್ರೈವರನ್ನೂ ಸೇರಿಸಿದ್ದರೆ, ಮತ್ತು ಎಣಿಕೆ ಈಗಾಗಲೇ ನಡೆಯುತ್ತಿದೆ ಎಂಬುದನ್ನು ಆ ಡ್ರೈವರ್ ಗುರುತಿಸಬಲ್ಲುದಾದರೆ, ಬೇರೊಂದು ಪ್ರೋಗ್ರಾಂ ಬಂದು ಹೊಣೆ ಹೊರುವವರೆಗೆ ಕರ್ನೆಲ್ಲೇ ಅದನ್ನು ಮುಟ್ಟುತ್ತಿರುತ್ತದೆ. ಇತರ ಸೇವೆಗಳನ್ನು ಆರಂಭಿಸಿ ನೋಡಿಕೊಳ್ಳುವ ‘ಸಿಸ್ಟಂ‑ಡಿ’ ಎಂಬ ಪ್ರೋಗ್ರಾಂಗೆ ಹಾಗೆ ಹೇಳಿಟ್ಟಿದ್ದರೆ ಅದೂ ಈ ಹೊಣೆಯನ್ನು ಹೊರಬಲ್ಲುದು. ಇದರಿಂದ ಡಂಪ್ ನಡುವೆ ತುಂಡಾಗುವುದು ತಪ್ಪುತ್ತದೆ, ಆದರೆ ಮುಟ್ಟುತ್ತಿರುವವರಿಗೆ ಮೇಕ್‌ಡಂಪ್‌ಫೈಲ್ ಮುಂದೆ ಸಾಗುತ್ತಿದೆಯೇ ಇಲ್ಲವೇ ಎಂಬುದು ಗೊತ್ತಿರುವುದಿಲ್ಲ. ಅದು ಸಿಕ್ಕಿಕೊಂಡು ನಿಂತಿದ್ದರೂ ಅವರು ಮುಟ್ಟುತ್ತಲೇ ಇರುತ್ತಾರೆ. ಕೈಯಲ್ಲಿ ಬಿಡುವಿರುವವರು ಡಂಪ್ ಕಡತದ ಗಾತ್ರ ಬೆಳೆದಾಗ ಮಾತ್ರ ವಾಚ್‌ಡಾಗನ್ನು ಮುಟ್ಟುವ ಸಣ್ಣದೊಂದು ಪ್ರೋಗ್ರಾಂ ಬರೆದು ಈ ಕೊರತೆಯನ್ನು ತುಂಬಬಹುದು.

ರೀಸ್ಟಾರ್ಟ್ ಮತ್ತು ದುರಸ್ತಿ ಎರಡೂ ಒಂದೇ ಎಂದುಕೊಳ್ಳುವವರಿಗೆ ಮಂಗಳದ ಮೇಲೆ ನಡೆದ ಪ್ರಸಂಗವೊಂದನ್ನು ಹೇಳಬೇಕು. 1997ರ ಜುಲೈ 4ರಂದು ಇಳಿದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಪದೇ ಪದೇ ರೀಸೆಟ್ ಆಗತೊಡಗಿತು. ಹಾರ್ಡ್‌ವೇರ್ ವಾಚ್‌ಡಾಗ್‌ನ ಕಥೆಯಾಗಿ ಇದನ್ನು ಹೇಳುವುದುಂಟಾದರೂ, ಒಂದು ಮುಖ್ಯ ಕಾರ್ಯ ತನ್ನ ಸರದಿಯೊಳಗೆ ಮುಗಿದಿಲ್ಲವೆಂದು ಕಂಡು ರೀಸೆಟ್ ಮಾಡಿಸುತ್ತಿದ್ದದ್ದು ತಂತ್ರಾಂಶದೊಳಗಿನದೇ ಒಂದು ತಪಾಸಣೆ. ಪ್ರತಿ ರೀಸೆಟ್ಟಿನ ನಂತರ ನೌಕೆ ಸರಿಯಾಗಿಯೇ ನಡೆಯುತ್ತಿತ್ತು, ಮತ್ತೆ ಬೀಳುತ್ತಿತ್ತು. ಎಂಜಿನಿಯರುಗಳು ಭೂಮಿಯ ಮೇಲಿದ್ದ ಪ್ರತಿರೂಪದಲ್ಲಿ ಘಟನೆಗಳ ಜಾಡನ್ನು ದಾಖಲಿಸುತ್ತಾ ಅದೇ ಸ್ಥಿತಿಯನ್ನು ಮರುಕಳಿಸಿದಾಗ, ಕಡಿಮೆ ಆದ್ಯತೆಯ ಹವಾಮಾನ ಕಾರ್ಯವೊಂದು ಹಿಡಿದುಕೊಂಡಿದ್ದ ಬೀಗಕ್ಕಾಗಿ ಹೆಚ್ಚಿನ ಆದ್ಯತೆಯ ಕಾರ್ಯ ಕಾಯುತ್ತಿದ್ದದ್ದು ಬೆಳಕಿಗೆ ಬಂತು. ಆದ್ಯತೆಯನ್ನು ತಾತ್ಕಾಲಿಕವಾಗಿ ವರ್ಗಾಯಿಸುವ ಆಯ್ಕೆಯೊಂದನ್ನು ಆನ್ ಮಾಡಿದ ಮೇಲೆ ತೊಂದರೆ ನಿಂತಿತು.

ಇದನ್ನೆಲ್ಲ ಪರೀಕ್ಷಿಸಲು ಸರ್ವರ್ ಕೊಳ್ಳಬೇಕಾಗಿಲ್ಲ. ಕ್ಯೂಇಎಂಯು ಎಂಬ ಉಚಿತ ತಂತ್ರಾಂಶದೊಳಗೆ ಇಂಟೆಲ್ 6300ಇಎಸ್‌ಬಿ ವಾಚ್‌ಡಾಗ್‌ನ ಅನುಕರಣೆಯಿದೆ; ಅದರಲ್ಲೊಂದು ವರ್ಚುವಲ್ ಯಂತ್ರವನ್ನು ಎಬ್ಬಿಸಿ, ಕೆಡಂಪ್ ಸಿದ್ಧಪಡಿಸಿ, ಕರ್ನೆಲ್ಲಿಗೆ ನೇರವಾಗಿ ಆಜ್ಞೆ ಕೊಡುವ ಸಿಸ್‌ಆರ್‌ಕ್ಯೂ ಸೌಲಭ್ಯದ ಮೂಲಕ ಬೇಕೆಂದೇ ಪ್ಯಾನಿಕ್ ಮಾಡಿಸಬಹುದು. ಮಾಡುವಾಗ ವಾಚ್‌ಡಾಗ್ ಆನ್ ಆಗಿರಬೇಕು, ಮೆಮೊರಿಯೂ ನಿಜವಾದ ಕೆಲಸದಲ್ಲಿ ಇರುವಷ್ಟು ತುಂಬಿರಬೇಕು. ಆಗಷ್ಟೇ ಬೂಟ್ ಆದ, ಬಹುಪಾಲು ಮೆಮೊರಿ ಖಾಲಿಯಿರುವ ಯಂತ್ರದಲ್ಲಿ ಡಂಪ್ ಕೆಲವೇ ಸೆಕೆಂಡುಗಳಲ್ಲಿ ಮುಗಿದುಹೋಗುವುದರಿಂದ ಗಡುವಿನ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.