ಬಾಗಿಲು ಮುಚ್ಚದೆ 35 ಲಕ್ಷ ಪುಸ್ತಕ: ವೈಡನರ್ ಗ್ರಂಥಾಲಯದ ದುರಸ್ತಿಯ ಹಿಂದುಮುಂದು

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವೈಡನರ್ ಗ್ರಂಥಾಲಯದಲ್ಲಿ 1999ರಿಂದ 2004ರವರೆಗೆ ದುರಸ್ತಿ ನಡೆಯಿತು. ಆ ಐದೂ ವರ್ಷ ಓದುಗರು ಬರುತ್ತಲೇ ಇದ್ದರು, ಪುಸ್ತಕ ಒಯ್ಯುತ್ತಲೇ ಇದ್ದರು. ದೊಡ್ಡ ಗ್ರಂಥಾಲಯಗಳ ದುರಸ್ತಿಯ ಮಾತು ಬಂದಾಗಲೆಲ್ಲ ಮೂರು ಪ್ರಶ್ನೆಗಳು ಕಲಸಿಹೋಗುತ್ತವೆ: ಕಟ್ಟಡ ಮುಚ್ಚಬೇಕೇ, ಪುಸ್ತಕಗಳನ್ನು ಊರಾಚೆಗೆ ಕಳಿಸಬೇಕೇ, ಕಳಿಸಿದವು ಮರಳಿ ಬರುತ್ತವೆಯೇ. ಈ ಮೂರೂ ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ಕಾರಣಕ್ಕೆ ಹುಟ್ಟಿದ ಪ್ರಶ್ನೆಗಳು. ವೈಡನರ್‌ನ ಚರಿತ್ರೆಯಲ್ಲಿ ಮೂರೂ ಒಂದಾದ ಮೇಲೊಂದು ಎದುರಾಗುತ್ತವೆ.

ಹಾರ್ವರ್ಡ್‌ನ ಹಿಂದಿನ ಗ್ರಂಥಾಲಯ ಗೋರ್ ಹಾಲ್. ಅದಕ್ಕೆ 1877ರಲ್ಲಿ ಸೇರಿಸಿದ ಭಾಗದಲ್ಲಿ ಕಬ್ಬಿಣದ ಸ್ಟ್ಯಾಕ್, ಅಂದರೆ ಅಂತಸ್ತು ಅಂತಸ್ತಾಗಿ ಜೋಡಿಸಿದ ಪುಸ್ತಕದ ಕಪಾಟುಗಳ ಸಾಲು ಬಂತು. ಕಪಾಟಿನ ಕಂಬಗಳೇ ಮೇಲಿನ ನೆಲವನ್ನೂ ಅದರ ಮೇಲಿನ ಕಪಾಟನ್ನೂ ಹೊರುವ ಏರ್ಪಾಡು ಅದು. ಕೆಲವೇ ದಶಕಗಳಲ್ಲಿ ಅಲ್ಲೂ ಜಾಗ ಸಾಲದಾಯಿತು. 1912ರಲ್ಲಿ ಟೈಟಾನಿಕ್ ಹಡಗಿನಲ್ಲಿ ತೀರಿಕೊಂಡ ಹ್ಯಾರಿ ವೈಡನರ್ ಎಂಬ ಪುಸ್ತಕ ಸಂಗ್ರಾಹಕನ ತಾಯಿ ಮಗನ ನೆನಪಿಗೆ ಹೊಸ ಕಟ್ಟಡ ಕಟ್ಟಿಸಿಕೊಟ್ಟರು. 1913ರಲ್ಲಿ ಗೋರ್ ಹಾಲ್ ಕೆಡವಿದರು. ಪುಸ್ತಕಗಳು ರ‍್ಯಾಂಡಲ್ ಹಾಲ್ ಎಂಬ ಊಟದ ಸಭಾಂಗಣಕ್ಕೂ ಬೇರೆ ಕಟ್ಟಡಗಳಿಗೂ ಹೋದವು, ಕೊಡುಕೊಳ್ಳುವ ವ್ಯವಹಾರ ಅಲ್ಲಿಂದಲೇ ಸಾಗಿತು. 1915ರ ಜೂನ್ 24ರಂದು ವೈಡನರ್ ತೆರೆಯಿತು.

ಕಟ್ಟಡದ ಹೊರಮೈಯನ್ನು ಬದಲಿಸಬಾರದೆಂಬುದು ದಾನದ ಷರತ್ತು. ಹಾಗಾಗಿ ಹೊರಕ್ಕೆ ಬೆಳೆಯುವ ದಾರಿ ಮೊದಲ ದಿನದಿಂದಲೇ ಇರಲಿಲ್ಲ. ಮುಂದೆ ಪಕ್ಕದ ಹೌಟನ್ ಗ್ರಂಥಾಲಯಕ್ಕೆ ಸೇತುವೆ ಹಾಕಬೇಕಾದಾಗ ಗೋಡೆ ಒಡೆಯದೆ ಕಿಟಕಿಯೊಂದರ ಮೂಲಕ ದಾಟಿಸಿದರು.

ಒಳಗೆ ಹತ್ತು ಅಂತಸ್ತಿನ ಸ್ಟ್ಯಾಕ್, ಒಟ್ಟು 57 ಮೈಲಿ, ಅಂದರೆ ಸುಮಾರು 92 ಕಿಲೋಮೀಟರ್ ಉದ್ದದ ಕಪಾಟು. ಇಂಥ ಸ್ಟ್ಯಾಕ್‌ಗಳಲ್ಲಿ ಒಂದೊಂದು ಅಂತಸ್ತಿನ ಎತ್ತರ ಏಳೂವರೆ ಅಡಿಯ ಆಸುಪಾಸು. ಕೈ ಎತ್ತಿದರೆ ಮೇಲಿನ ನೆಲ ತಾಗುತ್ತದೆ. ಏಣಿ ಬೇಕಿಲ್ಲದೆ ಮೇಲಿನ ಹಲಗೆಯ ಪುಸ್ತಕ ಸಿಗಲಿ ಎಂದು ಮಾಡಿದ ಲೆಕ್ಕ ಅದು. 1915ಕ್ಕೆ ಆ ಲೆಕ್ಕ ಸರಿ. ಆದರೆ ಮುಂದೆ ಹವಾನಿಯಂತ್ರಣದ ನಾಳ, ಬೆಂಕಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಪೈಪು, ಕೇಬಲ್ ತೂರಿಸಬೇಕೆಂದಾಗ ತಲೆಯ ಮೇಲೆ ಜಾಗವಿರಲಿಲ್ಲ. ಕಪಾಟು ಕಿತ್ತು ಜಾಗ ಮಾಡೋಣವೆಂದರೆ ಕಪಾಟಿನ ಕಂಬವೇ ಕಟ್ಟಡದ ಕಂಬ.

1937ರಿಂದ 1955ರವರೆಗೆ ಹಾರ್ವರ್ಡ್ ಗ್ರಂಥಾಲಯಗಳ ನಿರ್ದೇಶಕರಾಗಿದ್ದ ಕೀಸ್ ಮೆಟ್‌ಕಾಫ್ ಒತ್ತಡ ತಗ್ಗಿಸಲು ಸಂಗ್ರಹವನ್ನು ಹಂಚುವ ದಾರಿ ಹಿಡಿದರು. ಅಪರೂಪದ ಪುಸ್ತಕಗಳಿಗೆ 1942ರಲ್ಲಿ ಹೌಟನ್, ಪದವಿ ವಿದ್ಯಾರ್ಥಿಗಳಿಗೆ 1949ರಲ್ಲಿ ಲಾಮಂಟ್, ಆಮೇಲೆ 1976ರಲ್ಲಿ ನೆಲದಡಿಯ ಪ್ಯೂಸಿ ಬಂದವು. ಅಷ್ಟರಲ್ಲಿ ಪುಸ್ತಕ ಬರುವ ವೇಗವೇ ಬದಲಾಗಿತ್ತು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ವಿಶ್ವವಿದ್ಯಾಲಯಗಳು ಪ್ರಪಂಚದ ಎಲ್ಲ ಭಾಷೆಗಳ ಪುಸ್ತಕ ತರಿಸತೊಡಗಿದವು. ಭಾರತಕ್ಕೆ ಕೊಟ್ಟ ಗೋಧಿಯ ಬಾಬ್ತು ಇಲ್ಲಿ ಜಮೆಯಾಗಿದ್ದ ರೂಪಾಯಿಯಲ್ಲಿ ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ಇಲ್ಲಿನ ಪುಸ್ತಕ ಕೊಂಡು ಅಲ್ಲಿಗೆ ಕಳಿಸಿತು. ಪಿಎಲ್-480 ಎಂದು ಹೆಸರಾದ ಆ ವ್ಯವಸ್ಥೆಯಲ್ಲೇ ಕನ್ನಡದ ಕಾದಂಬರಿ, ಕವನ ಸಂಕಲನಗಳೂ ಅಮೆರಿಕದ ಕಪಾಟುಗಳನ್ನು ಸೇರಿದವು.

1986ರಲ್ಲಿ ಹಾರ್ವರ್ಡ್ ಊರಾಚೆಯ ಸೌತ್‌ಬರೋ ಎಂಬಲ್ಲಿ ಡಿಪಾಸಿಟರಿ, ಅಂದರೆ ಪುಸ್ತಕದ ಉಗ್ರಾಣ ತೆರೆಯಿತು. ಸುಮಾರು 30 ಅಡಿ ಎತ್ತರದ ರ‍್ಯಾಕ್, ಒಳಗೆ ತಣ್ಣನೆಯ ಒಣ ಗಾಳಿ. ಅಲ್ಲಿ ಪುಸ್ತಕವನ್ನು ವಿಷಯದ ಪ್ರಕಾರವಲ್ಲ, ಅಳತೆಯ ಪ್ರಕಾರ ಟ್ರೇಗಳಲ್ಲಿ ಇಡುತ್ತಾರೆ, ಹುಡುಕಿಕೊಡುವುದು ಬಾರ್‌ಕೋಡ್. ಕೇಳಿದ ಪುಸ್ತಕ ಮರುದಿನ ಬರುತ್ತದೆ. ಅಕ್ಕಪಕ್ಕದ ಪುಸ್ತಕದ ಮೇಲೆ ಕಣ್ಣಾಡಿಸುವ ಭಾಗ್ಯ ಮಾತ್ರ ಅಲ್ಲಿಲ್ಲ. ಆದರೂ ಈ ಉಗ್ರಾಣ ಇಲ್ಲದಿದ್ದರೆ ಮುಂದಿನ ದುರಸ್ತಿ ಆಗುತ್ತಿರಲಿಲ್ಲ ಎನ್ನುವುದನ್ನೂ ಹೇಳಬೇಕು.

ಏಕೆಂದರೆ 92 ಕಿಲೋಮೀಟರ್ ಕಪಾಟಿಗೆ ಸುಮಾರು 35 ಲಕ್ಷ ಪುಸ್ತಕ ಎಂದರೆ ಒಂದೊಂದಕ್ಕೆ ಸಿಗುವುದು ಎರಡೂವರೆ ಸೆಂಟಿಮೀಟರ್ ಚಿಲ್ಲರೆ. ಗ್ರಂಥಪಾಲಕರ ರೂಢಿಯಲ್ಲಿ ಕಪಾಟು ನೂರಕ್ಕೆ 80-85ರಷ್ಟು ತುಂಬಿದರೆ ಅದು ಭರ್ತಿಯೇ. ಅದಕ್ಕಿಂತ ಬಿಗಿಯಾದರೆ ಹೊಸದೊಂದು ಪುಸ್ತಕ ಸೇರಿಸಲು ಹತ್ತಾರು ಹಲಗೆ ಸರಿಸಬೇಕಾಗುತ್ತದೆ, ಎಳೆದು ತೆಗೆಯುವಾಗ ಬೆನ್ನು ಹರಿಯುತ್ತದೆ. ಎಲ್ಲವೂ ತುಂಬಿರುವಲ್ಲಿ ಯಾವುದನ್ನೂ ಸರಿಸಲಾಗದು. ತೆರೆದಿಟ್ಟು ದುರಸ್ತಿ ಮಾಡಬೇಕೆಂದರೆ ಮೊದಲು ಬೇಕಾದದ್ದು ಖಾಲಿ ಜಾಗ; ಆ ಜಾಗ ಎಷ್ಟು ದೊಡ್ಡದೋ ಕೆಲಸದ ವೇಗವೂ ಅಷ್ಟೇ.

1999ರ ಹೊತ್ತಿಗೆ ವೈಡನರ್‌ನ ಸ್ಟ್ಯಾಕ್‌ಗೆ ಹವಾನಿಯಂತ್ರಣವಿರಲಿಲ್ಲ, ಬೆಂಕಿ ನಂದಿಸುವ ಏರ್ಪಾಡಿರಲಿಲ್ಲ. 19ನೇ ಶತಮಾನದ ಉತ್ತರಾರ್ಧದ ಮರದ ತಿರುಳಿನ ಕಾಗದದಲ್ಲಿ ಆಮ್ಲವಿರುತ್ತದೆ. ಬೇಸಿಗೆಯ ಸೆಕೆ ಏರಿದಷ್ಟೂ ಅದು ಬೇಗ ಪುಡಿಯಾಗುತ್ತದೆ. 80ಕ್ಕೂ ಹೆಚ್ಚು ಬೇಸಿಗೆ ಹೀಗೇ ಕಳೆದವು. ಪ್ರತಿ ತಲೆಮಾರೂ ಹೊಸ ಕಟ್ಟಡಕ್ಕೆ ಹಣ ಹುಡುಕಿತು. ಹಳೆಯ ಕಟ್ಟಡದ ಗಾಳಿ, ನೀರು, ತಂತಿಯ ಸರದಿ ಕೊನೆಗೇ ಉಳಿಯಿತು. ಆ ತಡದ ಬೆಲೆಯನ್ನು ಕಾಗದ ತೆತ್ತಿದೆ.

ಜಾಗದ ಸಮಸ್ಯೆಗೆ ಉತ್ತರ ಸಿಕ್ಕಿದ್ದು ಕಟ್ಟಡದ ನಡುವಿನ ಎರಡು ಬೆಳಕಿನ ಅಂಗಳಗಳಲ್ಲಿ. ವಿದ್ಯುತ್ ದೀಪ ದುರ್ಬಲವಾಗಿದ್ದ ಕಾಲದಲ್ಲಿ ಒಳಗೋಡೆಗೆ ಬೆಳಕು ಬರಲೆಂದು ಬಿಟ್ಟ ಜಾಗ ಅವು. ಅವಕ್ಕೆ ಗಾಜಿನ ಮಾಡು ಹೊದಿಸಿ ಓದುಕೋಣೆಗಳನ್ನು ಮಾಡಿದರು. ಅವುಗಳ ಕೆಳಗೆ ಕಚೇರಿಗಳು, ಗಾಳಿ ಹದಗೊಳಿಸುವ ಯಂತ್ರಗಳು ಬಂದವು. ಹೊರಮೈ ಹಾಗೇ ಉಳಿಯಿತು. ಮೊದಲ ಹಂತದಲ್ಲಿ ಸ್ಟ್ಯಾಕ್ ಮತ್ತು ಅಂಗಳ, ಎರಡನೆಯದರಲ್ಲಿ ಹಳೆಯ ಓದುಕೋಣೆಗಳು ಮತ್ತು ಸಿಬ್ಬಂದಿಯ ಜಾಗ. ಈ ಅನುಕ್ರಮವೇ ಜಾಣತನ: ಹಳೆಯ ಕೋಣೆ ಮುಚ್ಚುವ ಮೊದಲು ಓದುಗನಿಗೆ ಕೂರಲು ಹೊಸ ಕುರ್ಚಿ ಸಿದ್ಧವಿರಬೇಕು. ತಳದ ಅಂತಸ್ತಿನಲ್ಲಿ ನೀರು ಜಿನುಗುವ ಹಳೇ ಕಾಯಿಲೆಯಿತ್ತು, ಅಲ್ಲಿನ ಕಪಾಟುಗಳ ಕೆಳಹಲಗೆಯನ್ನೇ ತೆಗೆದುಹಾಕಿದರು. ಒಟ್ಟು ವೆಚ್ಚ ಸುಮಾರು 9.7 ಕೋಟಿ ಡಾಲರ್.

ಪುಸ್ತಕ ಸರಿಸುವ ಕೆಲಸ ಹೊರಗಿನವರಿಗೆ ಕೂಲಿಕೆಲಸದಂತೆ ಕಾಣುತ್ತದೆ. ನಿಜದಲ್ಲಿ ಇಡೀ ಯೋಜನೆ ನಿಂತಿರುವುದು ಅದರ ಮೇಲೆ. ಮೊದಲು ಪ್ರತಿ ಸಾಲಿನಲ್ಲಿ ಪುಸ್ತಕ ನಿಜವಾಗಿ ಹಿಡಿದಿರುವ ಉದ್ದವನ್ನು ಟೇಪಿನಲ್ಲಿ ಅಳೆಯಬೇಕು. ಎಣಿಕೆ ಸಾಲದು, ಕಾನೂನು ವರದಿಗಳ ದಪ್ಪವೇ ಬೇರೆ, ಕವನ ಸಂಕಲನಗಳ ದಪ್ಪವೇ ಬೇರೆ. ಆಮೇಲೆ ಎಲ್ಲಿಂದ ಎಲ್ಲಿಗೆ ಎಂಬ ನಕ್ಷೆ, ಪ್ರತಿ ಸಾಲಿನ ಮೊದಲ ಮತ್ತು ಕೊನೆಯ ಕಾಲ್ ನಂಬರ್ (ಕಪಾಟಿನಲ್ಲಿ ಪುಸ್ತಕದ ಜಾಗ ಹೇಳುವ ಸಂಖ್ಯೆ) ಬರೆದ ಚೀಟಿ. ವೈಡನರ್‌ನಲ್ಲಿ ಇನ್ನೊಂದು ತೊಡಕಿತ್ತು. ಗ್ರಂಥಾಲಯದ್ದೇ ಹಳೆಯ ವರ್ಗೀಕರಣದ ಪುಸ್ತಕಗಳೂ, 1970ರ ದಶಕದಲ್ಲಿ ಒಪ್ಪಿಕೊಂಡ ಲೈಬ್ರರಿ ಆಫ್ ಕಾಂಗ್ರೆಸ್ ವರ್ಗೀಕರಣದ ಪುಸ್ತಕಗಳೂ ಒಂದೇ ಸೂರಿನಡಿ ಇದ್ದವು. ಒಂದೇ ವಿಷಯ ಎರಡು ಕಡೆ, ಎರಡು ಸಾಲು.

ಟ್ರಾಲಿಗೆ ತುಂಬುವಾಗ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ. ಇಳಿಸುವಾಗಲೂ ಅದೇ ಕ್ರಮ, ಪ್ರತಿ ಟ್ರಾಲಿಗೂ ಸರಣಿ ಸಂಖ್ಯೆ. ಎರಡು ತಂಡಗಳು ಒಂದೇ ಸಾಲನ್ನು ಎರಡೂ ತುದಿಯಿಂದ ತುಂಬುತ್ತ ಬಂದರೆ ನಡುವೆ ಒಂದೋ ಪುಸ್ತಕ ಉಳಿಯುತ್ತವೆ, ಇಲ್ಲವೇ ಹಲಗೆ ಉಳಿಯುತ್ತದೆ. ಸ್ಥಳ ತಪ್ಪಿದ ಪುಸ್ತಕ ಅಷ್ಟು ದೊಡ್ಡ ಸಂಗ್ರಹದಲ್ಲಿ ಕಳೆದುಹೋದದ್ದಕ್ಕೆ ಸಮ. ಸ್ಥಳ ಬದಲಾದ ದಿನವೇ ಕ್ಯಾಟಲಾಗ್‌ನಲ್ಲೂ ಬದಲಾಗಬೇಕು, ಸ್ಟ್ಯಾಕ್ ಬಾಗಿಲಿನ ಫಲಕವೂ ಬದಲಾಗಬೇಕು. ಒಂದು ವಾರ ತಡವಾದರೂ ಓದುಗರು ಖಾಲಿ ಕಪಾಟಿನ ಮುಂದೆ ನಿಲ್ಲುತ್ತಾರೆ. ಎರಡು ಸಲ ಹಾಗಾದವರು ಮೂರನೇ ಸಲ ಬರುವುದಿಲ್ಲ. ಬಾಗಿಲು ತೆರೆದಿದೆ ಎನ್ನುವುದಕ್ಕೆ ಆಗ ಅರ್ಥವಿಲ್ಲ.

ಕೆಲಸ ನಡೆಯುವ ಭಾಗಕ್ಕೆ ದಪ್ಪ ಪ್ಲಾಸ್ಟಿಕ್ ಪರದೆ ಕಟ್ಟಿ, ಒಳಗಿನ ಗಾಳಿಯನ್ನು ಫಿಲ್ಟರ್ ಮೂಲಕ ಹೊರಗೆ ಎಳೆಯುತ್ತಿರಬೇಕು. ಒಳಗಿನ ಒತ್ತಡ ಕಡಿಮೆಯಿದ್ದರೆ ಧೂಳು ಓದುಗರ ಕಡೆ ಬರುವುದಿಲ್ಲ. ಧೂಳಿಗೆ ಹೊಗೆ ಸಂವೇದಕಗಳು ಸುಳ್ಳು ಎಚ್ಚರಿಕೆ ಕೊಡುತ್ತವೆ, ಹಾಗಾಗಿ ಹಗಲು ಮುಚ್ಚಳ ಹಾಕುತ್ತಾರೆ. ಸಂಜೆ ಅದನ್ನು ತೆಗೆಯಲು ಮರೆತರೆ ರಾತ್ರಿ ಇಡೀ ಕಟ್ಟಡಕ್ಕೆ ಕಾವಲಿಲ್ಲ. ವೆಲ್ಡಿಂಗ್ ನಿಂತ ಮೇಲೂ ಕನಿಷ್ಠ ಒಂದು ಗಂಟೆ ಒಬ್ಬರು ಅಲ್ಲೇ ಕಾಯಬೇಕು. ಸ್ಪ್ರಿಂಕ್ಲರ್ ಪೈಪಿಗೆ ಮೊದಲು ಗಾಳಿ ತುಂಬಿ ಸೋರಿಕೆ ನೋಡಿ, ಆಮೇಲಷ್ಟೇ ನೀರು ಬಿಡಬೇಕು, ಅದೂ ಪುಸ್ತಕ ಮರಳುವ ಮೊದಲು. ಗಾರೆ ಒಣಗದ ಗೋಡೆ ವಾರಗಟ್ಟಲೆ ತೇವ ಬಿಡುತ್ತಿರುತ್ತದೆ. ಗಡುವಿನ ಅವಸರಕ್ಕೆ ಅಲ್ಲಿ ಪುಸ್ತಕ ಇಟ್ಟರೆ ಬೂಸ್ಟು ಖಚಿತ. ಡ್ರಿಲ್ ಮಾಡುವ ಸಮಯ, ಪರೀಕ್ಷೆಯ ವಾರಗಳು ಟೆಂಡರಿನಲ್ಲೇ ಬರೆದಿರಬೇಕು. ಆಮೇಲೆ ಸೇರಿಸಿದರೆ ಗುತ್ತಿಗೆದಾರರು ಹೆಚ್ಚುವರಿ ಬಿಲ್ಲು ಕೇಳುತ್ತಾರೆ, ಅದು ನ್ಯಾಯವೂ ಹೌದು.

ಇಷ್ಟಾದರೂ ಪುಸ್ತಕ ಬರುವುದು ನಿಲ್ಲುವುದಿಲ್ಲ. ಷಿಕಾಗೊ ವಿಶ್ವವಿದ್ಯಾಲಯ ಬೇರೆ ದಾರಿ ಹಿಡಿಯಿತು. ಊರಾಚೆಯ ಉಗ್ರಾಣದ ಬದಲು ರೀಗನ್‌ಸ್ಟೈನ್ ಗ್ರಂಥಾಲಯದ ಮಗ್ಗುಲಲ್ಲೇ ಸುಮಾರು 50 ಅಡಿ ಆಳ ತೋಡಿ, 35 ಲಕ್ಷ ಸಂಪುಟ ಹಿಡಿಸುವ ಯಂತ್ರಚಾಲಿತ ಸಂಗ್ರಹವನ್ನು 2011ರಲ್ಲಿ ತೆರೆಯಿತು. ಕೇಳಿದ ಪುಸ್ತಕ ಕೆಲವೇ ನಿಮಿಷಗಳಲ್ಲಿ ಮೇಲೆ ಬರುತ್ತದೆ. ಅಲ್ಲೂ ಪುಸ್ತಕಗಳು ಅಳತೆಯ ಪ್ರಕಾರವೇ ಪೆಟ್ಟಿಗೆಗಳಲ್ಲಿರುತ್ತವೆ. ಒಂದು ವಿಷಯದ ಸಾಲಿನುದ್ದಕ್ಕೂ ನಡೆದು ನೋಡಬೇಕೆನ್ನುವವರಿಗೆ ಪಕ್ಕದ ಹಳೇ ಕಟ್ಟಡದ ತೆರೆದ ಕಪಾಟುಗಳನ್ನು ಹಾಗೇ ಉಳಿಸಿಕೊಂಡಿದ್ದಾರೆ.