ಸೋಮವಾರದ ಮಾತ್ರೆ, ತೊಡೆಯ ನೋವು

ಕಾಸರಗೋಡಿನ ಬದಿಯಡ್ಕ ಕಡೆಯ ಆ ಅಮ್ಮ ಬಿದ್ದು ಎಲುಬು ಮುರಿದುಕೊಂಡದ್ದಲ್ಲ, ಎಲುಬು ಮುರಿದು ಬಿದ್ದದ್ದು. ಅಂಗಳದಲ್ಲಿ ಒಣಹಾಕಿದ ಅಡಿಕೆ ಕೆದಕಿ ಹಿಂದೆ ತಿರುಗಿದ್ದಾರೆ, ಬಲತೊಡೆ ‘ಟಕ್’ ಎಂದಿದೆ, ಆಮೇಲೆ ಕುಸಿದಿದ್ದಾರೆ.

ಎಕ್ಸ್‌ರೇಯಲ್ಲಿ ತೊಡೆ ಎಲುಬಿನ ನಡುವೆ, ಸೀಮೆಸುಣ್ಣ ಮುರಿದ ಹಾಗೆ, ಅಡ್ಡಕ್ಕೊಂದು ಗೆರೆ. ಚೂರುಗಳಿಲ್ಲ. ಪ್ರಾಯವಾದವರಲ್ಲಿ ಸಾಮಾನ್ಯವಾಗಿ ಮುರಿಯುವುದು ಸೊಂಟದ ಸಂದಿನ ಬಳಿ, ಮಣಿಕಟ್ಟು, ಇಲ್ಲವೇ ಬೆನ್ನೆಲುಬು. ಗಟ್ಟಿಮುಟ್ಟಾದ ತೊಡೆಯ ನಡುಭಾಗ ಹೀಗೆ ಮುರಿದದ್ದು ಕಂಡರೆ ನಾನು ಮೊದಲು ಕೇಳುವುದು, “ವಾರಕ್ಕೊಂದು ಮಾತ್ರೆ ತಿನ್ನುವುದುಂಟಾ?”

ಮಗ ತೊಟ್ಟೆಯಿಂದ ಔಷಧಗಳನ್ನು ಮೇಜಿಗೆ ಸುರಿದ. ಎಲುಬು ಟೊಳ್ಳಾಗದಂತೆ ಕೊಡುವ ಅಲೆಂಡ್ರೊನೇಟ್ 70 ಮಿಲಿಗ್ರಾಂ ಅಲ್ಲೇ ಇತ್ತು. “ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಗೆ. ಒಂದು ಸಲವೂ ತಪ್ಪಿಸಿದ್ದಿಲ್ಲ ಡಾಕ್ಟ್ರೇ” ಎಂದರು ಅಮ್ಮ, ಆ ನೋವಿನಲ್ಲೂ ಸ್ವಲ್ಪ ಹೆಮ್ಮೆಯಿಂದ. 11 ವರ್ಷ.

ನಮ್ಮ ಹಳೆಯ ಸೋಗೆ ಮಾಡು (ಅಡಿಕೆ ಗರಿ ಹೊದೆಸಿದ ಸೂರು) ನೆನಪಿದ್ದವರಿಗೆ ಇದನ್ನು ವಿವರಿಸುವುದು ಸುಲಭ. ವರ್ಷ ವರ್ಷ ಹಳೆಯ ಸೋಗೆ ಕಿತ್ತು ಹೊಸತು ಹೊದೆಸಬೇಕು. ಎಲುಬಿನಲ್ಲೂ ಕೀಳುವ ಕೋಶಗಳು ಬೇರೆ, ಕಟ್ಟುವ ಕೋಶಗಳು ಬೇರೆ. ಮುಟ್ಟು ನಿಂತ ಮೇಲೆ ಕೀಳುವವರ ಕೈ ಮೇಲಾಗಿ ಎಲುಬು ಟೊಳ್ಳಾಗುತ್ತದೆ. ಅಲೆಂಡ್ರೊನೇಟ್‌ನಂಥ ಬಿಸ್‌ಫಾಸ್ಫೊನೇಟ್‌ಗಳು ಕೀಳುವವರನ್ನು ತಡೆಯುತ್ತವೆ. ಮೊದಲ ಕೆಲವು ವರ್ಷ ಇದು ನಿಜಕ್ಕೂ ಲಾಭ. ಆದರೆ ಕೀಳುವುದೇ ಬೇಡವೆಂದು ವರ್ಷಗಟ್ಟಲೆ ಬಿಟ್ಟರೆ ಮಾಡು ದಪ್ಪಗೇ ಕಾಣುತ್ತದೆ, ಒಳಗೆ ಕೊಳೆತು ಕುಂಬಾಗುತ್ತದೆ. ನಡೆದಾಡುವಾಗ ಎಲುಬಿನಲ್ಲಿ ಏಳುವ ಕೂದಲೆಳೆಯಷ್ಟರ ಬಿರುಕುಗಳು ದುರಸ್ತಿಯಾಗದೆ ಉಳಿಯುತ್ತವೆ. ಹೆಚ್ಚು ಎಳೆತ ಬೀಳುವ ತೊಡೆಯ ಹೊರಮಗ್ಗುಲಲ್ಲಿ ಅವು ಸೇರಿ ಒಂದು ಸೀಳಾಗುತ್ತದೆ.

ಇದು ಗುಟ್ಟಿನ ವಿಷಯವಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲೇ ಎಚ್ಚರಿಸಿತ್ತು. ಹಾಗೆಂದು ಇಂದೇ ಮಾತ್ರೆ ಬಿಸಾಡಬೇಡಿ. ದೀರ್ಘಕಾಲ ತಿಂದವರಲ್ಲೂ ಇಂಥ ಮುರಿತ ವರ್ಷಕ್ಕೆ ಲಕ್ಷದಲ್ಲಿ ಸುಮಾರು 100 ಮಂದಿಗೆ. ಮಾತ್ರೆಯಿಂದಾಗಿ ತಪ್ಪುವ ಸೊಂಟ, ಬೆನ್ನಿನ ಮುರಿತಗಳು ಅದಕ್ಕಿಂತ ಬಹಳ ಹೆಚ್ಚು. ಏಷ್ಯಾ ಮೂಲದ ಹೆಂಗಸರಲ್ಲಿ, ಜೊತೆಗೆ ಸ್ಟೀರಾಯ್ಡ್ ತಿನ್ನುವವರಲ್ಲಿ ಅಪಾಯ ಜಾಸ್ತಿ.

ನನ್ನ ತಕರಾರು ಔಷಧದ ಮೇಲಲ್ಲ, ವರ್ಷ ಲೆಕ್ಕ ಹಾಕುವವರಿಲ್ಲದ್ದರ ಮೇಲೆ. ಮಾತ್ರೆಯಾದರೆ 5 ವರ್ಷಕ್ಕೆ, ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ಆದರೆ 3 ವರ್ಷಕ್ಕೆ ಮತ್ತೆ ಪರೀಕ್ಷಿಸಿ, ಮುರಿತದ ಅಪಾಯ ಕಡಿಮೆಯಿದ್ದವರಿಗೆ ಔಷಧಕ್ಕೆ ರಜೆ ಕೊಡಬಹುದು. ಎಲುಬಿನಲ್ಲಿ ಇಂಗಿದ ಔಷಧ ಆಮೇಲೂ ವರ್ಷಗಳ ಕಾಲ ಉಳಿಯುತ್ತದೆ. ಆದರೆ ಗಡಿಯ ನಮ್ಮಲ್ಲಿ ಚೀಟಿ ಬರೆದದ್ದು ಮಂಗಳೂರಿನಲ್ಲಿ, ಮಾತ್ರೆ ಕೊಂಡದ್ದು ಊರಿನ ಮೆಡಿಕಲ್ಲಿನಲ್ಲಿ, ಬಿ.ಪಿ. ನೋಡಿದ್ದು ಇನ್ನೊಬ್ಬರು. ‘ಹಿಂದಿನದ್ದೇ ಮುಂದುವರಿಸಿ’ ಎಂದು ನಾನೂ ಬರೆದದ್ದುಂಟು.

ಇನ್ನೊಂದು ಗೊಂದಲ ಮಾತಿನದು. ಮೊಣಗಂಟು ಸವೆದರೂ ‘ಎಲುಬು ಸವೆತ’, ಎಲುಬು ಟೊಳ್ಳಾದರೂ ‘ಎಲುಬು ಸವೆತ’. ಗಂಟುನೋವಿಗೆಂದು ತಿಳಿದೇ ಈ ಮಾತ್ರೆ ತಿನ್ನುತ್ತಿರುವವರು ಬೇಕಷ್ಟಿದ್ದಾರೆ.

ಅಮ್ಮನನ್ನು ಕೆದಕಿ ಕೇಳಿದೆ. “ಮೂರು ತಿಂಗಳಿಂದ ತೊಡೆ ಒಳಗಿಂದ ಒಂದು ನಮೂನೆ ಎಳೀತಿತ್ತು. ವಾಯು ಅಂತ ಕೊಟ್ಟಂಚುಕ್ಕಾದಿ ತೈಲ ತಿಕ್ಕಿದೆ.” ಅದೇ ಮುನ್ಸೂಚನೆ. ಹೀಗೆ ಮುರಿದ ಹೆಚ್ಚಿನವರಿಗೆ ವಾರಗಳ, ತಿಂಗಳುಗಳ ಮೊದಲೇ ತೊಡೆಯಲ್ಲೋ ತೊಡೆಸಂದಿನಲ್ಲೋ ನೋವಿರುತ್ತದೆ. ನಾವೂ ಮೊಣಗಂಟಿನ ಎಕ್ಸ್‌ರೇ, ಬೆನ್ನಿನ ಎಂ.ಆರ್.ಐ. ತೆಗೆಸುತ್ತೇವೆ, ನಡುವಿನ ತೊಡೆ ಬಿಟ್ಟುಹೋಗುತ್ತದೆ. ಈ ಔಷಧ ವರ್ಷಗಟ್ಟಲೆ ತಿಂದವರಿಗೆ ತೊಡೆ ನೋಯುತ್ತಿದ್ದರೆ ಎರಡೂ ತೊಡೆಗಳ ಪೂರ್ತಿ ಎಕ್ಸ್‌ರೇ ತೆಗೆಸಲೇಬೇಕು. ಅಮ್ಮನ ಎಡತೊಡೆಯ ಹೊರಮಗ್ಗುಲಲ್ಲೂ ಸಣ್ಣ ಉಬ್ಬೊಂದು ಕಾಣಿಸಿತು. ಬಲಕ್ಕೆ ರಾಡ್ ಹಾಕಿದ ಮೇಲೆ, ಮುರಿಯುವ ಮೊದಲೇ ಎಡಕ್ಕೂ ಹಾಕಿದೆವು. ಸೋಮವಾರದ ಮಾತ್ರೆ ನಿಂತಿತು.

ಡಿಸ್ಚಾರ್ಜ್ ದಿನ ಮಗ ಹೇಳಿದ, “ಪೆರ್ಲದ ಚಿಕ್ಕಮ್ಮನೂ ಹೆದರಿ ಅವರ ಆರು ತಿಂಗಳ ಇಂಜೆಕ್ಷನ್ ಬಿಟ್ಟಿದ್ದಾರೆ.” ಅದು ಡೆನೊಸುಮಾಬ್, ಎಲುಬಿನ ಸವೆತ ತಡೆಯುವ ಬೇರೆ ಬಗೆಯ ಔಷಧ. ಅದಕ್ಕೆ ರಜೆಯ ಲೆಕ್ಕ ಇಲ್ಲ. ಬದಲಿ ಔಷಧವಿಲ್ಲದೆ ನಿಲ್ಲಿಸಿದರೆ ತಡೆದಿಟ್ಟ ಸವೆತ ಒಮ್ಮೆಲೇ ನುಗ್ಗಿ, ಬೆನ್ನಿನ ಹಲವು ಕಶೇರುಗಳು ಒಟ್ಟಿಗೆ ಕುಸಿಯಬಹುದು. ಕೊನೆಯ ಡೋಸ್ ಯಾವಾಗ ಎಂದು ಅಲ್ಲಿಂದಲೇ ಫೋನು ಮಾಡಿಸಿದೆ. ಆರು ತಿಂಗಳು ದಾಟಿ ಎರಡು ವಾರ ಆಗಿತ್ತು. ನಾಳೆಯೇ ಬರಲು ಹೇಳಿ ಎಂದೆ.