ಹೊಲಿಗೆ ಮುಗಿದ ಮೇಲೆ ಏನು ನಡೆಯುತ್ತದೆ?

ಮಂಡ್ಯದಲ್ಲಿ ಅರಿವಳಿಕೆ ಕೊಡುವ ನನಗೆ ಥಿಯೇಟರ್ ಬಾಗಿಲಲ್ಲಿ ಜಾಸ್ತಿ ಕೇಳಿಸುವ ಮಾತು ಒಂದೇ. "ಹೊಲಿಗೆ ಹಾಕಾಯ್ತಂತಲ್ಲ ಡಾಕ್ಟ್ರೇ, ಇನ್ನೂ ಯಾಕೆ ಆಚೆಗೆ ಕಳಿಸ್ಲಿಲ್ಲ?" ಗ್ಲೌಸ್ ಬಿಚ್ಚುತ್ತಾ ಸರ್ಜನ್ನರೂ ಒಮ್ಮೊಮ್ಮೆ ಇದನ್ನೇ ಕೇಳುತ್ತಾರೆ. ಅವರಿಗೆ ಮುಂದಿನ ಕೇಸಿನ ಅವಸರ.

ಹೊಲಿಗೆ ಮುಗಿದರೂ ನನ್ನ ಕೆಲಸ ಮುಗಿದಿರುವುದಿಲ್ಲ. ನಿದ್ದೆಯಲ್ಲಿ ಉಸಿರಾಡಿಸಲು ಬಾಯಿಂದ ಶ್ವಾಸನಾಳಕ್ಕೆ ಇಳಿಸಿದ ಟ್ಯೂಬನ್ನು ಇನ್ನೂ ತೆಗೆಯಬೇಕು. ಈ ಟ್ಯೂಬ್ ಹಾಕುವಾಗ ಇರುವ ಗಮನ ತೆಗೆಯುವಾಗ ಯಾರಿಗೂ ಇರುವುದಿಲ್ಲ. ಬ್ರಿಟನ್ನಿನಲ್ಲಿ 2011ರಲ್ಲಿ ಬಂದ ವರದಿಯ ಪ್ರಕಾರ, ಅರಿವಳಿಕೆಯಲ್ಲಿ ಉಸಿರಿನ ದಾರಿಗೆ ಆದ ದೊಡ್ಡ ತೊಂದರೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಆಗಿದ್ದು ರೋಗಿ ಎಚ್ಚರವಾಗುವಾಗ, ಇಲ್ಲವೇ ಆಮೇಲೆ ಚೇತರಿಸಿಕೊಳ್ಳುವ ರಿಕವರಿ ಕೋಣೆಯಲ್ಲಿ. ಮರುವರ್ಷವೇ ಅಲ್ಲಿ ಟ್ಯೂಬ್ ತೆಗೆಯುವುದಕ್ಕೆಂದೇ ಮಾರ್ಗಸೂಚಿ ಬಂತು.

"ಕೈ ಆಡಿಸ್ತಾವ್ನಲ್ಲ, ತೆಗೀರಿ" ಅನ್ನುತ್ತಾರೆ ಸರ್ಜನ್ನರು. ಕೈ ಆಡಿಸುವುದು ಎಚ್ಚರ ಅಲ್ಲ. ಕೆಮ್ಮುವುದೂ ಅಲ್ಲ. ಅತ್ತ ನಿದ್ದೆಯೂ ಅಲ್ಲ, ಇತ್ತ ಎಚ್ಚರವೂ ಅಲ್ಲ ಅನ್ನುವ ಹೊತ್ತೇ ಎಲ್ಲಕ್ಕಿಂತ ಅಪಾಯ. ಆಗ ಟ್ಯೂಬ್ ಎಳೆದು, ಒಂದು ಹನಿ ಎಂಜಲು ತಾಗಿದರೂ ಸಾಕು, ಧ್ವನಿಪೆಟ್ಟಿಗೆ ಕದ ಹಾಕಿಕೊಂಡುಬಿಡಬಹುದು. ಎದೆ ಎಳೆಯುತ್ತಿರುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ.

ಹಾಗಾಗಿ ರೋಗಿ ಇನ್ನೂ ಗಾಢ ನಿದ್ದೆಯಲ್ಲಿರುವಾಗಲೇ ಗಂಟಲಿನೊಳಗೆ ನೋಡಿಕೊಂಡು ಸಕ್ಷನ್ ಮಾಡುತ್ತೇವೆ, ಅಂದರೆ ಅಲ್ಲಿರುವ ಎಂಜಲನ್ನು ನಳಿಕೆಯಿಂದ ಹೀರಿ ತೆಗೆಯುತ್ತೇವೆ. ನೂರಕ್ಕೆ ನೂರು ಆಕ್ಸಿಜನ್ ಕೊಡುತ್ತೇವೆ. ಟ್ಯೂಬ್ ಕಚ್ಚದ ಹಾಗೆ ಹಲ್ಲಿನ ನಡುವೆ ಬೈಟ್ ಬ್ಲಾಕ್ ಅನ್ನುವ ಅಡ್ಡಿ ಇಡುತ್ತೇವೆ. ಟ್ಯೂಬ್ ಕಚ್ಚಿ ಹಿಡಿದು ಜೋರಾಗಿ ಉಸಿರೆಳೆದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಇನ್ನು ಆಪರೇಷನ್‌ಗೆಂದು ಕೊಟ್ಟ, ಸ್ನಾಯು ಸಡಿಲಿಸುವ ಔಷಧಿಯ ಪರಿಣಾಮ ಪೂರ್ತಿ ಇಳಿದಿರಬೇಕು. ಮಣಿಕಟ್ಟಿನ ನರಕ್ಕೆ ನಾಲ್ಕು ಸಲ ಸಣ್ಣ ಕರೆಂಟ್ ಕೊಟ್ಟರೆ, ಹೆಬ್ಬೆರಳಿನ ನಾಲ್ಕನೇ ಮಿಡಿತ ಮೊದಲನೆಯದರ ಶೇ. 90ರಷ್ಟಾದರೂ ಇರಬೇಕು. ತಲೆ ಎತ್ತಿದ, ಕೈ ಹಿಸುಕಿದ ಅಂತ ಸುಮ್ನೆ ನಂಬಿದರೆ ಸಾಲದು. ಇಷ್ಟಾದ ಮೇಲೆ, ಹೆಸರು ಕರೆದಾಗ ಕಣ್ಣು ಬಿಟ್ಟು ಹೇಳಿದ ಮಾತು ಕೇಳಿದರೆ ಟ್ಯೂಬ್ ಹೊರಗೆ.

ಕೆಲವರಿಗೆ ಬೇಕೆಂದೇ ಗಾಢ ನಿದ್ದೆಯಲ್ಲಿ ತೆಗೆಯುವುದೂ ಉಂಟು. ಯಾರಿಗೆ ಯಾವುದು ಅನ್ನುವುದು ರೋಗಿಯನ್ನು ನೋಡಿಯೇ ಹೇಳಬೇಕಾದ ಮಾತು. ಇದನ್ನು ಓದಿ ನಿಮ್ಮ ಡಾಕ್ಟರಿಗೆ ಪಾಠ ಮಾಡಬೇಡಿ.

ಮದ್ದೂರು ಕಡೆಯ ಯಜಮಾನರೊಬ್ಬರು, ದಪ್ಪ ಕುತ್ತಿಗೆ. "ಗೊರಕೆ ಇದೆಯಾ?" ಅಂದೆ. "ಇಲ್ಲ ಸಾ" ಅಂದರು. "ಅಯ್ಯೋ, ಬೀದಿಗೆಲ್ಲ ಕೇಳ್ತದೆ! ಮಧ್ಯ ಮಧ್ಯ ಉಸ್ರೇ ನಿಂತೋಯ್ತದೆ" ಅಂದರು ಹೆಂಡತಿ. ಯಜಮಾನರಿಗೆ ಸಿಟ್ಟು. ನನಗೆ ಬೇಕಿದ್ದದ್ದು ಆಯಮ್ಮನ ಮಾತೇ. ನಿದ್ದೆಯಲ್ಲಿ ಹೀಗೆ ಉಸಿರು ನಿಲ್ಲುವವರಿಗೆ ಟ್ಯೂಬ್ ತೆಗೆದ ಮೇಲೂ ಉಸಿರಿನ ದಾರಿ ಮುಚ್ಚಿಕೊಳ್ಳಬಹುದು. ಆಪರೇಷನ್ ಆದ ಮೇಲೆ ಅವರನ್ನು ಅರ್ಧ ಕೂರಿಸಿ, ಪೂರ್ತಿ ಎಚ್ಚರವಾದ ಮೇಲೆಯೇ ಟ್ಯೂಬ್ ತೆಗೆದು, ರಾತ್ರಿಯೆಲ್ಲ ಐಸಿಯುನಲ್ಲಿ ನೋಡಿಕೊಂಡೆವು. ಬೆಳಿಗ್ಗೆ ಆಯಮ್ಮ ಗೊರಕೆ ನಿಲ್ಲಿಸೋ ಮಾತ್ರೆ ಕೇಳಿದರು. ಮಾತ್ರೆ ಇಲ್ಲಮ್ಮ ಅಂತ ನಿದ್ದೆಯ ಪರೀಕ್ಷೆಗೆ ಬರೆದುಕೊಟ್ಟೆ.